ಬಾವಿಯ ನೀರು, ನಾನು ನುಂಗಿದ ಮಾತು

ಅದು ಅರವತ್ತಮೂರನೇ ಇಸವಿ. ನಾನು ಮದರಾಸಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಆ ವರ್ಷ ಕೆನಡಾದಿಂದ ಮಾರ್ಗರೆಟ್ ಎಂಬ ಹುಡುಗಿ ವಿನಿಮಯ ವಿದ್ಯಾರ್ಥಿನಿಯಾಗಿ ನಮ್ಮ ತರಗತಿಗೆ ಬಂದಳು. ಈಗಲೂ ಯಾರಾದರೂ ನನ್ನೆದುರು ಸಮಾಜಸೇವೆಯ ದೊಡ್ಡ ದೊಡ್ಡ ಮಾತಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೆ ಕಾರಣ ಆ ವರ್ಷದ ನಾಲ್ಕು ಶನಿವಾರಗಳು.

ಮಾರ್ಗರೆಟ್‌ಗೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ಇಲ್ಲಿನ ಜನರ ನಡುವೆ ಏನಾದರೂ ಕೆಲಸ ಮಾಡಬೇಕು ಎಂದು ಬಂದ ತಿಂಗಳಲ್ಲೇ ಪ್ರಿನ್ಸಿಪಾಲರ ಬೆನ್ನುಹತ್ತಿದಳು. ಅವರು ಅವಳನ್ನು ಒಂದು ಮಹಿಳಾ ಸಂಘಕ್ಕೆ ಒಪ್ಪಿಸಿದರು. ಸಂಘದವರು ಶನಿವಾರ ಬೆಳಿಗ್ಗೆ ತಿರುವೊಟ್ಟಿಯೂರಿನ ಮೀನುಗಾರರ ಕೇರಿಗೆ ಹೋಗಿ ಮಕ್ಕಳಿಗೆ ಹಾಲು ಹಂಚುತ್ತಿದ್ದರು. ಪರದೇಶದಿಂದ ಬರುವ ಹಾಲಿನ ಪುಡಿಯನ್ನು ಹಂಡೆಯಲ್ಲಿ ನೀರಿಗೆ ಕಲಸಿ, ಸಕ್ಕರೆ ಹಾಕಿ, ಲೋಟಗಳಲ್ಲಿ ಕೊಡುವುದು. ಮಾರ್ಗರೆಟ್‌ಗೆ ತಮಿಳು ಬಾರದು, ಕೇರಿಯವರಿಗೆ ಇಂಗ್ಲಿಷ್ ಬಾರದು. ನಡುವೆ ಮಾತು ತಲುಪಿಸಲು ನನ್ನನ್ನು ಹಾಕಿದರು.

ನನ್ನನ್ನು ಆರಿಸಿದವರು ಸಂಘದ ಕಾರ್ಯದರ್ಶಿ ಕಮಲಾ ಮಾಮಿ. ತ್ರಿಪ್ಲಿಕೇನಿನಲ್ಲಿ ನಮ್ಮ ಪಕ್ಕದ ಬೀದಿಯವರು. ನಮ್ಮ ಹಾಗೆಯೇ ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಕನ್ನಡದವರು. ಗಂಡ ದೊಡ್ಡ ಆಫೀಸರು, ಬಾಗಿಲಲ್ಲಿ ಕಾರು. "ನಮ್ಮ ಹುಡುಗಿ, ನಾನು ಹೇಳಿದ ಹಾಗೆ ಕೇಳ್ತಾಳೆ" ಎಂದು ಅವರು ನಮ್ಮಪ್ಪನ ಎದುರು ಹೇಳಿದಾಗ ನಾನು ಅದನ್ನು ಹೊಗಳಿಕೆ ಅಂದುಕೊಂಡು ಉಬ್ಬಿಹೋಗಿದ್ದೆ.

ಮೊದಲ ಶನಿವಾರವೇ ಕನ್ನಿಯಮ್ಮ ಎಂಬ ಹೆಂಗಸು ನನ್ನ ಬಳಿ ಬಂದಳು. ಸೊಂಟದ ಮೇಲೆ ನಾಲ್ಕು ವರ್ಷದ ಮಗಳು ಸೆಲ್ವಿ. ಹಾಲು ಕಲಸುತ್ತಿದ್ದ ಜಾಗದ ಪಕ್ಕದಲ್ಲೇ ಇದ್ದ ಬಾವಿಯನ್ನು ತೋರಿಸಿ, "ಆ ನೀರನ್ನ ನಾವು ಬಾಯಿಗೇ ಹಾಕಲ್ಲಮ್ಮಾ. ಬಲೆ ತೊಳೆಯೋಕೆ, ಪಾತ್ರೆ ಉಜ್ಜೋಕೆ ಅಷ್ಟೇ. ಮಳೆ ಬಂದಾಗಿಂದ ಕೊಚ್ಚೆಯೆಲ್ಲ ಅದರೊಳಕ್ಕೇ ಇಳೀತಿದೆ. ಕುಡಿಯೋ ನೀರು ರೈಲು ಹಳಿಯಾಚೆ ಪಂಪಲ್ಲಿ ಸಿಗುತ್ತೆ. ನಾವೇ ಹೊತ್ತು ತರ್ತೀವಿ. ಆ ವೆಳ್ಳೈಕಾರ ಅಮ್ಮನಿಗೆ ಹೇಳು" ಎಂದಳು. ಬಿಳಿಯ ಅಮ್ಮ ಅಂದರೆ ಮಾರ್ಗರೆಟ್.

ನಾನು ಬಾಯಿ ತೆರೆಯುವ ಮೊದಲೇ ಮಾಮಿ ನಗುನಗುತ್ತಲೇ ಕನ್ನಡದಲ್ಲಿ ಅಂದರು: "ಅದೆಲ್ಲ ಹೇಳಕ್ಕೆ ಹೋಗ್ಬೇಡ ಕಣೇ. ಪಾವಂ, ಅಷ್ಟು ದೂರದಿಂದ ಬಂದಿದೆ ಹುಡುಗಿ, ಮನಸ್ಸಿಗೆ ಬೇಜಾರಾಗತ್ತೆ. ಎಲ್ಲರಿಗೂ ತುಂಬ ಸಂತೋಷವಾಗಿದೆ ಅಂದುಬಿಡು. ನೀರು ಹೊರೋವರೆಗೂ ಕಾಯ್ತಾ ಕೂತರೆ ಮಧ್ಯಾಹ್ನವಾಗತ್ತೆ."

ಅಲ್ಲಿದ್ದವರಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ನನ್ನ ಅಜ್ಜಿ ನನಗೆ ತುತ್ತು ಕೊಟ್ಟು ಕಲಿಸಿದ ಭಾಷೆಯನ್ನು ಆ ಮಾಮಿ ಕಳ್ಳಕಿಂಡಿಯ ಹಾಗೆ ಬಳಸಿದರು. ನಾನು ಅದಕ್ಕೆ ಕಾವಲು ನಿಂತೆ! ಹಿರಿಯರು ಹೇಳಿದ್ದಾರೆ, ಕೇಳಬೇಕು ಅಷ್ಟೇ ಎಂದು ಬೆಳೆದವಳು ನಾನು. "ಎಲ್ಲರಿಗೂ ತುಂಬಾ ಸಂತೋಷವಾಗಿದೆಯಂತೆ" ಎಂದು ಮಾರ್ಗರೆಟ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವಳ ಮುಖ ಅರಳಿತು. ಕನ್ನಿಯಮ್ಮನಿಗೆ ಕೈಮುಗಿದಳು.

ಎರಡನೇ ಶನಿವಾರ ಕನ್ನಿಯಮ್ಮ ಮತ್ತೆ ಬಂದಳು. ಕೇರಿಯ ನಾಲ್ಕೈದು ಮಕ್ಕಳಿಗೆ ಹೊಟ್ಟೆ ಕೆಟ್ಟಿದೆ ಎಂದಳು. ಮಾಮಿ ಕಣ್ಣಲ್ಲೇ ಬೇಡ ಅಂದರು. ನಾನು ಮತ್ತೆ ನುಂಗಿದೆ.

ಮೂರನೇ ಶನಿವಾರದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಬೇರೆ ಮಕ್ಕಳ ಜೊತೆ ಓಡಿಬಂದಿದ್ದ ಸೆಲ್ವಿಗೆ ಮಾರ್ಗರೆಟ್ ಕೊಟ್ಟ ಲೋಟವನ್ನು ಕನ್ನಿಯಮ್ಮ ಕೈಯಿಂದ ತಳ್ಳಿ ಜೋರಾಗಿ ಕೂಗಾಡಿದಳು. ಅರ್ಧ ಹಾಲು ಮರಳಿಗೆ ಚೆಲ್ಲಿತು. ಮಾರ್ಗರೆಟ್ ಗಾಬರಿಯಾಗಿ ನನ್ನ ಮುಖ ನೋಡಿದಳು. ಮಾಮಿ ತಟ್ಟನೆ, "ಇನ್ನೊಂದು ಲೋಟ ಬೇಕಂತೆ ಅನ್ನು" ಎಂದರು. ನಾನು ಹಾಗೆಯೇ ಅಂದೆ. ಕನ್ನಿಯಮ್ಮ ಸಿಟ್ಟಿನಲ್ಲಿ ಮಾಮಿಯ ಕಡೆ ತಿರುಗಿ ಬೈಯುತ್ತಿದ್ದಾಗ ಮಾರ್ಗರೆಟ್ ಪ್ರೀತಿಯಿಂದ ಇನ್ನೊಂದು ಲೋಟ ತುಂಬಿ ಮಗುವಿನ ಕೈಗೆ ಕೊಟ್ಟಳು. ಸಿಹಿ ಹಾಲು, ಮಗು ಗಟಗಟನೆ ಕುಡಿಯಿತು.

ನಾಲ್ಕನೇ ಶನಿವಾರ ಸೆಲ್ವಿ ಬರಲಿಲ್ಲ. ಕನ್ನಿಯಮ್ಮ ಬಂದಳು. ನನ್ನ ಕಡೆ ತಿರುಗಿಯೂ ನೋಡದೆ ಮಾರ್ಗರೆಟ್‌ಳ ಮಣಿಕಟ್ಟು ಹಿಡಿದು ತನ್ನ ಗುಡಿಸಲಿಗೆ ಎಳೆದುಕೊಂಡು ಹೋದಳು. ನಾವು ಹಿಂದೆ ಓಡಿದೆವು. ಮಗು ಚಾಪೆಯ ಮೇಲೆ ಬಟ್ಟೆಯ ಹಾಗೆ ಬಿದ್ದಿತ್ತು. ಕಣ್ಣು ಗುಳಿ ಬಿದ್ದಿತ್ತು, ತುಟಿ ಒಡೆದಿತ್ತು. ಮೂರು ದಿನದಿಂದ ಬೇದಿ ನಿಂತಿರಲಿಲ್ಲ.

"ಏನಾಗಿದೆ ಇವಳಿಗೆ?" ಎಂದು ಮಾರ್ಗರೆಟ್ ಕೇಳಿದಳು. ಆಗ ಮಾಮಿ ಮೂಗಿಗೆ ಸೆರಗು ಹಿಡಿದುಕೊಂಡು ಕನ್ನಡದಲ್ಲಿ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ: "ಜ್ವರ ಅಂದುಬಿಡೇ. ಬೇದಿ ಇವರಿಗೇನು ಹೊಸದಾ? ಏನಾದ್ರೂ ನಾಟಿ ಮದ್ದು ಕೊಟ್ಕೋತಾರೆ. ಇಲ್ಲಾಂದ್ರೆ ನನ್ನ ಕಾರಲ್ಲಿ ಆಸ್ಪತ್ರೆಗೆ ಕರಕೊಂಡು ಹೋಗಿ ಅಂತಾಳೆ ಇವಳು, ಸೀಟೆಲ್ಲ ಹಾಳಾಗತ್ತೆ."

ನನ್ನ ಪಿತ್ತ ನೆತ್ತಿಗೇರಿತು. ಮಾಮಿಯ ಆ ಮಾತನ್ನು ಒಂದಕ್ಷರ ಬಿಡದೆ, ಸೀಟಿನ ಮಾತೂ ಸೇರಿಸಿ, ಮೊದಲು ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಬಾಗಿಲಲ್ಲಿ ಕೂಡಿದ್ದ ಹೆಂಗಸರಿಗೆಲ್ಲ ಕೇಳುವ ಹಾಗೆ ತಮಿಳಿನಲ್ಲಿ ಕೂಗಿ ಹೇಳಿದೆ. ಬಾವಿಯ ವಿಷಯ, ಮೂರು ವಾರ ನಾನು ಹೇಳಿದ ಸುಳ್ಳು, ಎರಡನೇ ಲೋಟದ ಸುಳ್ಳು, ಎಲ್ಲವನ್ನೂ ಕಕ್ಕಿದೆ.

ಮಾರ್ಗರೆಟ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನೊಂದು ಲೋಟ ನಾನೇ ಕೊಟ್ಟೆ" ಎಂದಷ್ಟೇ ಹೇಳಿ ಮಗುವನ್ನು ಎತ್ತಿಕೊಂಡು ನೇರವಾಗಿ ಹೋಗಿ ಮಾಮಿಯ ಕಾರಿನಲ್ಲಿ ಕೂತಳು. ಪಕ್ಕದಲ್ಲಿ ಕನ್ನಿಯಮ್ಮ ಕೂತಳು. ಅಷ್ಟು ಹೆಂಗಸರು ಸುತ್ತ ನಿಂತಿದ್ದಾಗ ಮಾಮಿಗೆ ಬೇಡ ಅನ್ನುವ ಧೈರ್ಯವಾಗಲಿಲ್ಲ.

ಆಸ್ಪತ್ರೆಯಲ್ಲಿ ಗ್ಲೂಕೋಸು ಏರಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ಐದು ದಿನಕ್ಕೆ ಸೆಲ್ವಿ ಮನೆಗೆ ಬಂದಳು.

ಮಾಮಿ ನಮ್ಮ ಮನೆಗೆ ಬಂದು ಗಲಾಟೆ ಮಾಡಿದರು. "ಹಿರಿಯರ ಮಾನ ಕಳೆದೆಯಲ್ಲೇ" ಎಂದು ಅಪ್ಪ ನನ್ನನ್ನೇ ಬೈದರು. ಸೆಲ್ವಿ ಬದುಕಿದಳಾ ಎಂದು ಅವರಿಬ್ಬರಲ್ಲಿ ಒಬ್ಬರೂ ಕೇಳಲಿಲ್ಲ! ಆ ವರ್ಷ ಸಂಘದ ವಾರ್ಷಿಕೋತ್ಸವದಲ್ಲಿ ಮಾಮಿಗೆ ಹಾರ ಹಾಕಿದರು. ಮಾರ್ಗರೆಟ್ ಸಂಘ ಬಿಟ್ಟಳು, ಕೇರಿಯನ್ನು ಬಿಡಲಿಲ್ಲ. ಬಸ್ಸು ಹತ್ತಿ ಒಬ್ಬಳೇ ಹೋಗಿ ಹೆಂಗಸರ ಜೊತೆ ಪಂಪಿನ ನೀರು ಹೊರುತ್ತಿದ್ದಳು. ತಮಿಳನ್ನು ಅವರಿಂದಲೇ ಕಲಿತಳು. ನನ್ನನ್ನು ಮತ್ತೆ ಕರೆಯಲಿಲ್ಲ.

ಎರಡು ವಾರ ಕಳೆದ ಮೇಲೆ ನಾನೂ ಒಬ್ಬಳೇ ಹೋದೆ. ಕನ್ನಿಯಮ್ಮ ಮರಳಿನ ಮೇಲೆ ಮೀನು ಒಣಹಾಕುತ್ತಿದ್ದಳು. ಸೆಲ್ವಿ ಪಕ್ಕದಲ್ಲಿ ಕಾಗೆ ಓಡಿಸುತ್ತಿದ್ದಳು. ತಪ್ಪಾಯಿತು ಎಂದೆ.

"ನನಗೆ ಮೊದಲ ದಿನವೇ ಗೊತ್ತಾಯ್ತು" ಎಂದಳು, ತಲೆಯೆತ್ತದೆ. "ನಾನು ಅಷ್ಟು ಹೊತ್ತು ಹೇಳಿದ್ದನ್ನ ನೀನು ಎರಡೇ ಮಾತಲ್ಲಿ ಮುಗಿಸಿಬಿಟ್ಟೆ."

"ಆ ಮಾಮಿ ಹೇಳಬೇಡ ಅಂದರು" ಎಂದೆ. ಹೇಳುವಾಗಲೇ ನನ್ನ ಮಾತು ನನಗೇ ಹೇಸಿಗೆಯಾಯಿತು.

ಕನ್ನಿಯಮ್ಮ ಆಗ ಮುಖವೆತ್ತಿ ನನ್ನನ್ನು ನೋಡಿದಳು. "ವಾಯಿ ಉನ್ನದು ತಾನೇಮ್ಮಾ?" ಎಂದಳು. ಬಾಯಿ ನಿನ್ನದೇ ಅಲ್ಲವಾ?

ಮಾಮಿ ತೀರಿಕೊಂಡು ಬಹಳ ವರ್ಷಗಳಾದವು. ಅವರ ಮೇಲಿನ ಸಿಟ್ಟು ಇನ್ನೂ ಆರಿಲ್ಲ, ಆರಬೇಕೆಂಬ ಆಸೆಯೂ ನನಗಿಲ್ಲ. ಆದರೆ ಆ ಪ್ರಶ್ನೆ ಅವರಿಗೆ ಕೇಳಿದ್ದಲ್ಲ, ನನಗೆ ಕೇಳಿದ್ದು.