ಹಿಂದಿನ ಟ್ಯಾಂಕಿನ ಮುಚ್ಚಳ

ಡೊಂಬಿವಲಿಯ ನಮ್ಮ ಚಾಳಿನ ಮುಂದೆ ನಿಲ್ಲುತ್ತಿದ್ದ ಹಳೆಯ ಪಿಕಪ್‌ಗೆ ಎರಡು ಪೆಟ್ರೋಲ್ ಟ್ಯಾಂಕುಗಳಿದ್ದವು. ಸೀಟಿನ ಕೆಳಗೆ ಹತ್ತು ಲೀಟರ್ ಹಿಡಿಯುವ ಚಿಕ್ಕದು. ಹಿಂದೆ, ಮಾಲು ಹೇರುವ ಜಾಗದ ಪಕ್ಕದಲ್ಲಿ, ಮೊದಲಿನ ಯಾರೋ ಮಾಲೀಕ ಕೂಡಿಸಿದ ದೊಡ್ಡದು. ಚಾಲಕನ ಕಾಲ ಬಳಿ ಹಿತ್ತಾಳೆಯ ಒಂದು ಕಾಕ್. ಎಡಕ್ಕೆ ತಿರುಗಿಸಿದರೆ ಮುಂದಿನ ಟ್ಯಾಂಕು, ಬಲಕ್ಕೆ ತಿರುಗಿಸಿದರೆ ಹಿಂದಿನದು. ಮುಂದಿನದರ ಮೇಲೆ ಗಾಡಿ ತಕರಾರಿಲ್ಲದೆ ಓಡುತ್ತಿತ್ತು. ಹಿಂದಿನದಕ್ಕೆ ಹಾಕಿದರೆ ಹನ್ನೆರಡು ಹದಿನೈದು ಕಿಲೋಮೀಟರಿಗೆ ಕೆಮ್ಮಿ ನಿಲ್ಲುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ಫೋರ್ಟಿನ ಒಂದು ಕನ್ನಡ ಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ಊರು ಕುಂದಾಪುರದ ಕಡೆ, ಮದುವೆಯಾಗಿರಲಿಲ್ಲ. ವಾರದ ರಜೆ ಮಂಗಳವಾರ. ಅಂದು ಚಾಳಿನ ಗಂಡಸರೆಲ್ಲ ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೋಗಿರುತ್ತಿದ್ದರು. ಬೆಳಗಿನ ಚಹಾದಿಂದ ದೀಪ ಹಚ್ಚುವವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಡದ ಮಂಗಳವಾರಗಳಿದ್ದವು.

ಪಿಕಪ್‌ನವರು ಪಕ್ಕದ ಕೋಣೆಯವರು, ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನವರು. ಕಲ್ಯಾಣ, ಠಾಣೆಯ ಕಾರ್ಖಾನೆಗಳಿಗೆ ಮಾಲು ಸಾಗಿಸುತ್ತಿದ್ದರು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಊರಲ್ಲೇ ಇದ್ದರು. ವರ್ಷಕ್ಕೊಮ್ಮೆ ನೋಡಿ ಬರುವುದು. ಒಂದು ತಿಂಗಳ ಆರಂಭದಲ್ಲಿ ಅವರ ಅಕ್ಕನ ಗಂಡನಿಂದ ಕಾಗದ ಬಂತು. ಗಾಡಿ ಸಮೇತ ತಿಂಗಳ ಕೊನೆಯೊಳಗೆ ಬಂದರೆ ನಿಂಬೆಹಣ್ಣನ್ನು ಸೊಲ್ಲಾಪುರದ ಪೇಟೆಗೆ ಒಯ್ಯುವ ಕೆಲಸ ಅವರದು. ಬಾರದಿದ್ದರೆ ಬೇರೆಯವರ ಗಾಡಿ ಗೊತ್ತು ಮಾಡುವುದಾಗಿ ಬರೆದಿದ್ದರು. ಕಾಗದವನ್ನು ಓದಿ ಹೇಳಿದವನು ನಾನೇ. ಇನ್ನು ಮನೆಯವರ ಜೊತೆ ಇರಬಹುದೆಂದು ಅವರು ಎರಡು ಸಲ ಹೇಳಿದರು. ಆದರೆ ಹತ್ತು ಲೀಟರಿನ ಟ್ಯಾಂಕು ನೆಚ್ಚಿಕೊಂಡು ಘಾಟ್ ಹತ್ತಿ ಅಷ್ಟು ದೂರ ಹೋಗುವ ಧೈರ್ಯ ಅವರಿಗಿರಲಿಲ್ಲ.

ಹೀಗೆ ನನ್ನ ಮಂಗಳವಾರಗಳಿಗೆ ಕೆಲಸ ಸಿಕ್ಕಿತು: ಗಾಡಿಯ ರಿಪೇರಿಗೆ ಅವರ ಜೊತೆ ಹೋಗುವುದು. ಶಿಳ್ ರಸ್ತೆಯ ಮಿಸ್ತ್ರಿ ಪೆಟ್ರೋಲು ಎಳೆಯುವ ಪಂಪಿನ ಪೊರೆ ಬದಲಿಸಿದ, ಫಿಲ್ಟರ್ ತೊಳೆದ, ಪೈಪಿಗೆ ಗಾಳಿ ಹೊಡೆದ. ಪ್ರತಿ ಸಲವೂ ಗಾಡಿ ಹೊರಟಿತು, ಪ್ರತಿ ಸಲವೂ ಮುಂಬ್ರಾ ಇಳಿಜಾರಿನ ಹತ್ತಿರ ನಿಂತಿತು. ಗಾಡಿಗೆ ರೋಗವಿಲ್ಲ, ತನ್ನನ್ನು ಬಿಟ್ಟಿರಲಾರದ ಪ್ರೀತಿಯಿದೆ ಎಂದು ಆತ ಹಿಂದಿಯಲ್ಲಿ ಚೇಷ್ಟೆ ಮಾಡಿದ.

ನಾನು ಅಭ್ಯಾಸಬಲದಿಂದ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. ಎಲ್ಲಿ ನಿಂತಿತು, ಎಷ್ಟು ದೂರಕ್ಕೆ, ಏನು ಮಾಡಿದ ಮೇಲೆ ಹೊರಟಿತು. ಎರಡು ವಾರದ ಟಿಪ್ಪಣಿ ಒಟ್ಟಿಗೆ ಓದಿದಾಗ ಒಂದು ಸಂಗತಿ ಕಂಡಿತು. ಪೆಟ್ರೋಲಿನ ಮಟ್ಟ ತೋರಿಸುವ ಮುಳ್ಳು ಕೆಟ್ಟಿದ್ದರಿಂದ ಗಾಡಿ ನಿಂತಾಗಲೆಲ್ಲ ಅವರು ಮೊದಲು ಮುಚ್ಚಳ ತೆಗೆದು ಕೋಲಿಳಿಸಿ ಪೆಟ್ರೋಲು ಇದೆಯೇ ಎಂದು ನೋಡುತ್ತಿದ್ದರು. ಆಮೇಲಿನ ರಿಪೇರಿ ಯಾವುದೇ ಇರಲಿ, ಮುಚ್ಚಳ ತೆಗೆದು ಹಾಕಿದ ಮೇಲೆ ಗಾಡಿ ಹೊರಡುತ್ತಿತ್ತು.

ಆ ಶನಿವಾರ ವರದಿಗೆಂದು ಠಾಣೆಗೆ ಹೋಗಿದ್ದೆ. ಪೆಟ್ರೋಲ್ ಪಂಪಿನಲ್ಲಿ ಒಬ್ಬ ಲಾರಿ ಚಾಲಕ ಟ್ಯಾಂಕಿನ ಮುಚ್ಚಳಕ್ಕೆ ತಂತಿ ಚುಚ್ಚುತ್ತಿದ್ದ. ಸಾಸಿವೆಯಷ್ಟು ತೂತು. ಏಕೆಂದು ಕೇಳಿದೆ. ಅದು ಕಟ್ಟಿದರೆ ಟ್ಯಾಂಕಿನೊಳಗೆ ಗಾಳಿ ಹೋಗುವುದಿಲ್ಲ, ಎಣ್ಣೆ ಇಳಿಯುವುದಿಲ್ಲ ಎಂದ.

ಮಂಗಳವಾರ ಮುಂಬ್ರಾದ ಬಳಿ ಗಾಡಿ ಎಂದಿನಂತೆ ನಿಂತಿತು. ಅವರು ಮುಚ್ಚಳ ತಿರುಗಿಸಿದಾಗ ಕಿವಿಗೊಟ್ಟೆ. ಉಸಿರೆಳೆದಂಥ ಸಣ್ಣ ಸದ್ದು. ಮುಚ್ಚಳದ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮ, ವಿಭೂತಿ ಪದರಪದರವಾಗಿ ಗಟ್ಟಿಯಾಗಿತ್ತು. ಉಗುರಿನಿಂದ ನಡುವೆ ಕೆರೆದೆ; ತಗ್ಗು ಸಿಕ್ಕಿತು. ಅವರು ನೋಡುತ್ತಿದ್ದರು. ನಾನು ಕೈ ಒರೆಸಿಕೊಂಡೆ. ಖಚಿತವಾದ ಮೇಲೂ ನಾನು ತಡೆಹಿಡಿದ ಸುದ್ದಿ ಅದೊಂದೇ. ಆ ವಾರ ಅವರು ಒಂದು ದಿನದ ಬಾಡಿಗೆಯ ಸಂಪಾದನೆ ಬಿಟ್ಟು ಮತ್ತೊಮ್ಮೆ ಪಂಪು ಬಿಚ್ಚಿಸಿದರು.

ಮುಂದಿನ ಮಂಗಳವಾರಕ್ಕೆ ತಿಂಗಳು ಮುಗಿಯಲು ಆರು ದಿನ ಉಳಿದಿತ್ತು. ಬೆಳಿಗ್ಗೆಯೇ ಹೇಳಿದೆ.

"ಈ ಮುಚ್ಚಳದಲ್ಲಿ ಒಂದು ತೂತು ಉಂಟು ಮಾರಾಯ್ರೆ. ಕುಂಕುಮ ಹೋಗಿ ಕಟ್ಟಿದೆ. ಗಾಳಿ ಒಳಗೆ ಹೋಗದೆ ಪೆಟ್ರೋಲು ಹೊರಗೆ ಬರುವುದಿಲ್ಲ."

ಅವರು ಮುಚ್ಚಳ ತಿರುಗಿಸಿ ತೆಗೆದು ಕೈಯಲ್ಲಿ ಹಿಡಿದರು. "ಅಮಾಸಿಗೊಮ್ಮೆ ನಾನ ಹಚ್ಚೀನ್ರೀ ಸಾಹೇಬ್ರ. ಗಾಡಿ ಉಣ್ಣೂ ಬಾಯಿ ಅಂತ ಅದಕ್ಕ ಮದ್ಲ ಹಚ್ಚತಿದ್ದೆ."

ಸೀಟಿನ ಕೆಳಗಿನ ಟ್ಯಾಂಕಿನ ಮುಚ್ಚಳ ಕಣ್ಣಿಗೆ ಬೀಳದ್ದರಿಂದ ಅದಕ್ಕೆ ಪೂಜೆ ತಪ್ಪಿತ್ತು. ಅವರು ಹಿಂದಿನ ಮುಚ್ಚಳವನ್ನು ಕಣ್ಣಿಗೊತ್ತಿಕೊಂಡು, ಪಿನ್ನಿನಿಂದ ತೂತು ಬಿಡಿಸಿದರು. ಕಾಕ್ ಬಲಕ್ಕೆ ತಿರುಗಿಸಿ ಠಾಣೆಯವರೆಗೆ ಹೋದೆವು. ಮುಂಬ್ರಾದಲ್ಲಿ ನಿಲ್ಲಲಿಲ್ಲ. ಹಿಂದಿರುಗುವಾಗಲೂ ನಿಲ್ಲಲಿಲ್ಲ.

ಶಿಳ್ ದಾಟಿದ ಮೇಲೆ ಅವರು ರಸ್ತೆ ನೋಡುತ್ತಲೇ ಕೇಳಿದರು. "ಹ್ವಾದ ಮಂಗಳವಾರ ಉಗುರ್ಲೆ ಕೆರದು ನೋಡಿದ್ರಲ್ರೀ. ಅವತ್ತ ಗೊತ್ತಾಗಿತ್ತೇನು?"

"ಗೊತ್ತಾಗಿತ್ತು."

"ಮತ್ತ ಯಾಕ ಹೇಳಲಿಲ್ಲ?"

ಇನ್ನೊಮ್ಮೆ ಖಚಿತಪಡಿಸಿಕೊಳ್ಳಬೇಕಿತ್ತು ಎಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. "ಸರಿಯಾದ್ರೆ ನೀವು ಹೋಗ್ತೀರಿ, ಅದಕ್ಕೆ," ಎಂದೆ.

ಅವರು ಗೇರು ಬದಲಿಸಿದರು. "ಹಂಗಂತ ಬಾಯಿಬಿಟ್ಟು ಅಂದಿದ್ರ ಎರಡ ದಿನ ನಾನ ಇರ್ತಿದ್ನಲ್ರೀ. ಪಂಪ್ ಬಿಚ್ಚಿಸೂದು ಯಾಕ ಬೇಕಿತ್ತು."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಏನಾದರೂ ವಾದ ಹೂಡುತ್ತಿದ್ದೆ.

ಗುರುವಾರ ಬೆಳಿಗ್ಗೆ ನಾನು ಎಂಟು ಗಂಟೆಯ ಲೋಕಲ್ ಹಿಡಿದ ಮೇಲೆ ಅವರು ಹೊರಟರಂತೆ. ಎರಡೂ ಟ್ಯಾಂಕು ತುಂಬಿಸಿಕೊಂಡಿದ್ದರು ಎಂದು ಕೆಳಗಿನ ಮನೆಯವರು ಹೇಳಿದರು. ಮರುವಾರ ನಾನು ನನ್ನ ರಜೆಯನ್ನು, ಚಾಳಿನ ಗಂಡಸರು ಮನೆಯಲ್ಲಿರುವ ಭಾನುವಾರಕ್ಕೆ ಬದಲಿಸಿಕೊಡುವಂತೆ ಸಂಪಾದಕರಿಗೆ ಅರ್ಜಿ ಕೊಟ್ಟೆ. ಕಾರಣ ಕೇಳಿದರು. ಮಂಗಳವಾರ ಬಟ್ಟೆ ಒಗೆಯಲು ನೀರು ಬರುವುದಿಲ್ಲ ಎಂದೆ.