ಟ್ರಾಲಿಯ ಬಾಯಿಗೆ ಬಿದ್ದ ಮುಡಿಪು

ಸೂಪರ್ ಮಾರ್ಕೆಟ್ಟಿನ ಟ್ರಾಲಿಗೂ ನನಗೂ ಆಗಿಬರುವುದಿಲ್ಲ. ನೋಡಿದ ಕೂಡಲೇ ಮೈ ಉರಿಯುತ್ತದೆ. ಒಂದಕ್ಕೊಂದು ಸರಪಳಿ ಬಿಗಿದುಕೊಂಡು ಸಾಲಾಗಿ ನಿಂತಿರುತ್ತವೆ. ಬಾಯಿಗೆ ಒಂದು ಡಾಲರಿನ ನಾಣ್ಯ ತುರುಕದ ಹೊರತು ಕದಲುವುದಿಲ್ಲ. ಕೆಲಸ ಮುಗಿದ ಮೇಲೆ ಟ್ರಾಲಿಯನ್ನು ಅದರ ಜಾಗಕ್ಕೇ ತಂದು, ಪಕ್ಕದ್ದರ ಸರಪಳಿಯನ್ನು ಚುಚ್ಚಿದರೆ ನಾಣ್ಯವನ್ನು ಉಗುಳುತ್ತದೆ. ದುಡ್ಡೇನೂ ಹೋಗುವುದಿಲ್ಲ, ನಿಜ. ಆದರೆ ಈ ಕಾಲದಲ್ಲಿ ನಾಣ್ಯವನ್ನು ಎಲ್ಲಿಂದ ತರುವುದು, ನೀವೇ ಹೇಳಿ. ಕಾಫಿಗೆ ಕಾರ್ಡು, ಬಸ್ಸಿಗೆ ಕಾರ್ಡು, ನಮ್ಮ ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆಯ ಪಕ್ಕದಲ್ಲೂ ಕಾರ್ಡು ತಾಗಿಸುವ ಪುಟ್ಟ ಯಂತ್ರ. ನಾವಿರುವ ಈ ಇಡೀ ಪರ್ತ್ ಊರಿನಲ್ಲಿ ನಾಣ್ಯವೇ ಬೇಕೆಂದು ಹಟ ಹಿಡಿದು ನಿಂತಿರುವುದು ಟ್ರಾಲಿಯೊಂದೇ.

ಹಾಗೆಂದು ನಾಣ್ಯ ಕೇಳದ ಟ್ರಾಲಿಗಳು ಸಾಧುಗಳೇನಲ್ಲ. ನಾವು ಈ ದೇಶಕ್ಕೆ ಬಂದ ಹೊಸದರಲ್ಲಿ ಅಡಿಲೇಡಿನಲ್ಲಿದ್ದೆವು. ಅಲ್ಲಿನ ಅಂಗಡಿಯ ಟ್ರಾಲಿ ಏನೂ ಕೇಳದೆ ಹಿಂದೆ ಬಂತು. ಎಷ್ಟು ಒಳ್ಳೆಯ ಜನ ಅಂದುಕೊಂಡು ಅಕ್ಕಿ ಮೂಟೆ ಹೇರಿಕೊಂಡು ಬಸ್ ಸ್ಟಾಪಿನ ಕಡೆ ತಳ್ಳುತ್ತಿದ್ದೆ. ನೆಲದ ಮೇಲೆ ಬಳಿದಿದ್ದ ಹಳದಿ ಗೆರೆ ದಾಟಿದ್ದೇ ತಡ, ಚಕ್ರ ಗಕ್ಕನೆ ಕಚ್ಚಿಕೊಂಡಿತು. ಟ್ರಾಲಿ ನಿಂತಿತು, ನಾನು ನಿಲ್ಲಲಿಲ್ಲ. ಈರುಳ್ಳಿಗಳು ನನಗಿಂತ ಮುಂದೆ ಬಸ್ ಸ್ಟಾಪ್ ತಲುಪಿದವು. ಬ್ರಿಸ್ಬೇನಿನಲ್ಲಿ ಮಗಳ ಮನೆಯ ಬೀದಿಯಲ್ಲಿ ಇನ್ನೊಂದು ಕತೆ. ಅಲ್ಲಿ ಯಾರೋ ಬಿಟ್ಟುಹೋದ ಟ್ರಾಲಿ ಒಂದಲ್ಲ ಒಂದು ಮರದ ಕೆಳಗೆ ಬೀಡಾಡಿ ದನದ ಹಾಗೆ ನಿಂತಿರುತ್ತದೆ. ಆದರೆ ಬೇಕೆಂದಾಗ ಅಂಗಡಿಯ ಮುಂದೆ ಒಂದೂ ಇರುವುದಿಲ್ಲ.

ಸಿಟ್ಟು ಬರುವುದು ನಾಣ್ಯಕ್ಕಲ್ಲ, ಅಪನಂಬಿಕೆಗೆ. ಮದುವೆಗೆ ಪಾತ್ರೆ ಬಾಡಿಗೆ ಕೊಡುವವರು ನಮ್ಮ ಮೈಸೂರಿನಲ್ಲೂ ಅಡ್ವಾನ್ಸ್ ಇಸಿದುಕೊಳ್ಳುತ್ತಿದ್ದರು. ಆದರೆ ಅವರು ಮುಖ ನೋಡುತ್ತಿದ್ದರು. 'ನೀವು ಮೇಷ್ಟರ ಮಗಳಲ್ವಾ, ಆಮೇಲೆ ಕೊಡಿ' ಅನ್ನುತ್ತಿದ್ದರು. ಈ ಟ್ರಾಲಿಗೆ ಮೇಷ್ಟರ ಮಗಳೂ ಒಂದೇ, ಮನೆ ಮುರುಕರೂ ಒಂದೇ. ಅದೂ ಹೋಗಲಿ, ಕದಿಯಲು ಹೊರಟವನು ಒಂದು ಡಾಲರಿಗೆ ಹೆದರಿ ಮನಸ್ಸು ಬದಲಾಯಿಸುತ್ತಾನೆಯೇ?

ಇಷ್ಟೆಲ್ಲ ಹಲ್ಲು ಕಡಿಯುವುದಕ್ಕೆ ಕಾರಣ ಕಳೆದ ಭಾನುವಾರ ನಡೆದದ್ದು.

ಮಗಳು ಮೇಘನಾ ಚೊಚ್ಚಲ ಬಸುರಿ. ಎಂಟನೇ ತಿಂಗಳಿನಲ್ಲಿ ಬಿ.ಪಿ. ಏರಿತೆಂದು ಬ್ರಿಸ್ಬೇನಿನ ಆಸ್ಪತ್ರೆಯಲ್ಲಿ ಮಲಗಿಸಿಕೊಂಡಿದ್ದಾರೆ. ನನಗೆ ಕೆಲಸದಿಂದ ರಜೆ ಸಿಕ್ಕಿರುವುದು ನಾಳೆ, ಶನಿವಾರದಿಂದ. ಅಲ್ಲಿಯವರೆಗೆ ಈ ದೇಶದ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅವಳು. ಸುದ್ದಿ ಕೇಳಿದ ದಿನ ಮೈಸೂರಿನಿಂದ ನನ್ನ ಅತ್ತೆ ಫೋನಿನಲ್ಲೇ ಅಪ್ಪಣೆ ಕೊಟ್ಟರು. "ಅರಿಶಿನದ ಬಟ್ಟೇಲಿ ಒಂದು ನಾಣ್ಯ ಇಟ್ಟು ಮುಡಿಪು ಕಟ್ಟು. ತಾಯಿ ಮಗು ಸುಖವಾಗಿ ಎರಡಾದ್ಮೇಲೆ ಮನೆದೇವರ ಹುಂಡಿಗೆ ಹಾಕ್ಸೋಣ. ಕಟ್ಟಿದ ನಾಣ್ಯಾನೇ ಬೀಳ್ಬೇಕು, ಬೇರೇದು ಹಾಕಿದ್ರೆ ನಡೆಯಲ್ಲ, ತಿಳೀತಾ?" ಮನೆಯಲ್ಲಿ ರೂಪಾಯಿ ಇರಲಿಲ್ಲ. ಸೋಫಾದ ಸಂದಿಯಲ್ಲಿ ಒಂದು ಡಾಲರು ಸಿಕ್ಕಿತು. ಅದನ್ನೇ ತೊಳೆದು ಕಟ್ಟಿ, ದೇವರ ಮುಂದೆ ಇಡಲೂ ಧೈರ್ಯ ಸಾಲದೆ, ಹಗಲೂ ರಾತ್ರಿ ಕೈಚೀಲದಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ. ಅದನ್ನು ಮುಟ್ಟಿದರೆ ಮಗಳ ಕೈ ಹಿಡಿದ ಹಾಗಿರುತ್ತಿತ್ತು.

ಭಾನುವಾರ ಅಂಗಡಿಯ ಮುಂದೆ ಕಾರು ನಿಲ್ಲಿಸುವ ಹೊತ್ತಿಗೆ ಮೇಘನಾಳ ಫೋನು ಬಂತು. "ಅಮ್ಮಾ, ಐ ಆಮ್ ಫೈನ್, ಸ್ಟಾಪ್ ವರೀಯಿಂಗ್" ಅನ್ನುತ್ತಿದ್ದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು, ನಮ್ಮ ಮನೆಯ ಕ್ರಮ. ಆ ಮಾತಿನ ನಡುವೆ ನನ್ನ ಗಂಡ ನನ್ನ ಕೈಚೀಲವನ್ನು ಕೆದಕಿ, ಟ್ರಾಲಿಗೆ ನಾಣ್ಯ ಸಿಕ್ಕಿತೆಂದು ಸನ್ನೆ ಮಾಡಿ ಹೋದದ್ದನ್ನು ನಾನು ಗಮನಿಸಲೇ ಇಲ್ಲ. ಸಾಮಾನು ಕೊಂಡೆವು, ಡಿಕ್ಕಿಗೆ ತುಂಬಿದೆವು. ನಾನು ಕಾರಿನಲ್ಲಿ ಕೂತೆ. ಟ್ರಾಲಿ ಬಿಟ್ಟುಬರಲು ಹೋದವರು ಅರ್ಧ ದಾರಿಯಿಂದಲೇ ನಗುತ್ತಾ ಬಂದರು.

"ಒಬ್ಬ ಆಸಾಮಿ ಎದುರಿಗೇ ಬಂದು ಒಂದು ಡಾಲರ್ ಕೊಟ್ಟು ಟ್ರಾಲಿ ತಗೊಂಡ್ಬಿಟ್ಟ. ಅಷ್ಟು ದೂರ ಹೋಗೋದು ಉಳೀತು ನೋಡು."

ಇಲ್ಲಿ ಇದು ರೂಢಿ. ಬರುವವರು ಹೋಗುವವರಿಗೆ ನಾಣ್ಯ ಕೊಟ್ಟು ಟ್ರಾಲಿ ಪಡೆಯುತ್ತಾರೆ. ನಾನೂ ಒಳ್ಳೆಯದಾಯಿತು ಅಂದೆ. ಆಗ ಅವರು ಜೇಬಿನಿಂದ ಹಳದಿ ಬಟ್ಟೆಯ ತುಂಡೊಂದನ್ನು ತೆಗೆದು ಕನ್ನಡಕ ಒರೆಸಿಕೊಳ್ಳತೊಡಗಿದರು.

"ರೀ! ಆ ಬಟ್ಟೆ ಎಲ್ಲಿತ್ತು?"

"ನಿನ್ ಬ್ಯಾಗಲ್ಲಿ. ಗಂಟು ಬಿಚ್ಚೋಕೆ ಸಾಕಾಗೋಯ್ತು."

"ಅದು ಮುಡಿಪು ಅಂತ ಗೊತ್ತಾಗ್ಲಿಲ್ವೇನ್ರೀ ನಿಮಗೆ?"

"ನೀನು ಏಲಕ್ಕೀನೂ ಹಾಗೇ ಗಂಟು ಕಟ್ಟಿಟ್ಕೋತೀಯಲ್ಲೇ! ನನಗೇನ್ ಗೊತ್ತು?" ಅಂದವರು, ನನ್ನ ಮುಖ ನೋಡಿ ಆ ಆಸಾಮಿ ಕೊಟ್ಟ ಡಾಲರನ್ನು ಮುಂದೆ ಹಿಡಿದರು. "ಈಗೇನು, ಇದನ್ನ ಕಟ್ಟು. ಡಾಲರ್‌ಗೆ ಡಾಲರ್. ಅದೂ ಡೆಪಾಸಿಟ್ಟೇ, ಇದೂ ಡೆಪಾಸಿಟ್ಟೇ."

ಇಲ್ಲಿನ ವೆಲ್ಷ್‌ಪೂಲ್ ಬಡಾವಣೆಯ ಗೋಡೌನಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಮನುಷ್ಯ. ಒಂದು ಪೆಟ್ಟಿಗೆ ಒಡೆದರೆ ಅಂಥದ್ದೇ ಇನ್ನೊಂದನ್ನು ಕಳಿಸಿ ಲೆಕ್ಕ ಸರಿಮಾಡುವ ಬುದ್ಧಿ. ನನಗೆ ಅಳು ಬಂತು, ಅದಕ್ಕಿಂತ ಮೊದಲು ಕೋಪ ಬಂತು. ಕಾರಿನಿಂದಿಳಿದು ಅಂಗಡಿಯ ಕಡೆ ಓಡಿದೆ. ಈ ದೇಹ, ಈ ಚಪ್ಪಲಿ, ಆ ಬಿಸಿಲು, ಮತ್ತು ಹಿಂದಿನಿಂದ "ನಿಧಾನ ಕಣೇ" ಎಂದು ಕೂಗುವ ಗಂಡ. ಆ ಮನುಷ್ಯ ಯಾವ ಥರ ಇದ್ದ ಅಂದರೆ "ಕಿತ್ತಳೆ ಬಣ್ಣದ ಕೆಲಸದ ಅಂಗಿ" ಅನ್ನುವುದಷ್ಟೇ ಅವರಿಗೆ ನೆನಪು. ಭಾನುವಾರವೂ ಈ ಊರಿನ ಅರ್ಧ ಗಂಡಸರು ಅದೇ ಅಂಗಿಯಲ್ಲಿರುತ್ತಾರೆ. ಮೊದಲು ಹಿಡಿದವನ ಕೈಯಲ್ಲಿ ಟ್ರಾಲಿಯೇ ಇರಲಿಲ್ಲ, ಬರೀ ಬುಟ್ಟಿ. ಕೊನೆಗೆ ನಾಯಿ ತಿಂಡಿಯ ಸಾಲಿನಲ್ಲಿ, ನರೆತ ಗಡ್ಡದ ದಪ್ಪ ಮನುಷ್ಯನೊಬ್ಬನನ್ನು ನನ್ನ ಗಂಡ ಗುರುತಿಸಿದರು.

ಮುಡಿಪು ಅಂದರೇನೆಂದು ಏದುಸಿರು ಬಿಡುತ್ತಾ ಇಂಗ್ಲಿಷಿನಲ್ಲಿ ಹೇಳಿ ನೋಡಿ, ಕಷ್ಟ ಗೊತ್ತಾಗುತ್ತದೆ. ನಿನ್ನ ಟ್ರಾಲಿಯಲ್ಲಿ ನಮ್ಮ ದೇವರ ಡಾಲರು ಇದೆ ಅಂದೆ. ನಾನು ಚಂದಾ ಎತ್ತಲು ಬಂದವಳೆಂದು ತಿಳಿದು ಆತ ಜೇಬಿಗೆ ಕೈ ಹಾಕಿದ. ಆಮೇಲೆ ಮಗಳು, ಆಸ್ಪತ್ರೆ, ಬಿ.ಪಿ., ಅತ್ತೆ ಎಲ್ಲವನ್ನೂ ಸೇರಿಸಿ ಹೇಳಿದೆ. ನೀವು ನಿಧಾನವಾಗಿ ಮುಗಿಸಿ, ನಾವು ಹೊರಗೆ ಕಾಯುತ್ತೇವೆ ಅಂತಲೂ ಸೇರಿಸಿದೆ. ಆತ ನನ್ನ ಮುಖವನ್ನೊಮ್ಮೆ ನೋಡಿ, "ನೋ ವರೀಸ್, ಲವ್" (ಇಲ್ಲಿಯವರಿಗೆ ಎಲ್ಲರೂ 'ಲವ್') ಅಂದು ಟ್ರಾಲಿಯಲ್ಲಿದ್ದುದನ್ನೆಲ್ಲ ನೆಲಕ್ಕೆ ಇಳಿಸಲು ಶುರುಮಾಡಿದ. ನಾಯಿ ತಿಂಡಿಯ ದೊಡ್ಡ ಚೀಲ, ಹಾಲಿನ ಕ್ಯಾನು, ಬ್ರೆಡ್ಡು, ಎರಡು ಚಿಪ್ಪು ಬಾಳೆಹಣ್ಣು. ಅದಕ್ಕೆ ಕಾವಲಾಗಿ ನನ್ನ ಗಂಡನನ್ನು ನಿಲ್ಲಿಸಿದೆವು. ಕಾವಲಿನವರು ಎರಡು ಕೈ ಕಟ್ಟಿಕೊಂಡು ಗಂಭೀರವಾಗಿ ನಿಂತರು.

ಹೊರಗೆ ಬಂದು ಸರಪಳಿ ಚುಚ್ಚಿದಾಗ ಟ್ರಾಲಿ ನಾಣ್ಯವನ್ನು ಕೊಡಲೊಲ್ಲದು. ಆತ ಬೂಟಿನಿಂದ ಒಂದು ಒದ್ದ ಮೇಲೆ ಉಗುಳಿತು. ಅಂಚಿನಲ್ಲಿ ಅರಿಶಿನ ಇನ್ನೂ ಹತ್ತಿಕೊಂಡಿತ್ತು. ಗಂಡನ ಕೈಯಿಂದ ಕಿತ್ತುಕೊಂಡು ಬಂದಿದ್ದ ಆತನ ಡಾಲರನ್ನು ಆತನಿಗೆ ಕೊಟ್ಟೆ. ಅದನ್ನು ಮತ್ತೆ ಟ್ರಾಲಿಗೆ ಹಾಕುತ್ತಾನೆಂದು ನಾನು ಕಾಯುತ್ತಿದ್ದರೆ, ಆತ ಅದನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತ. ತನ್ನ ಹೆಂಡತಿಗೆ ಗುರುವಾರ ಆಪರೇಷನ್ ಇದೆ ಅಂದ. ಯಾವುದರದ್ದೆಂದು ಹೇಳಲಿಲ್ಲ, ನಾನು ಕೇಳಲಿಲ್ಲ. ನಿಮ್ಮ ದೇವರು ಬೇರೆಯವರದ್ದು ತಗೊಳ್ಳುತ್ತಾನಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟ. ಹಾಗಾಗಿ ಆತನಿಗೆ ಟ್ರಾಲಿ ಇಲ್ಲದಾಯಿತು. ನಾಯಿ ತಿಂಡಿಯ ಚೀಲವನ್ನು ನನ್ನ ಗಂಡ ಹೆಗಲ ಮೇಲೆ ಹೊತ್ತು ಆತನ ಜೊತೆ ಕೌಂಟರಿಗೆ ನಡೆದರು.

ನಾನು ಕಾರಿನಲ್ಲಿ ಕೂತು ಅತ್ತೆಗೆ ಫೋನು ಮಾಡಿದೆ. ಮುಚ್ಚಿಟ್ಟರೆ ಹೆಚ್ಚು ಭಯ. ಗಂಟು ಬಿಚ್ಚಿದ್ದು, ಟ್ರಾಲಿಯ ಬಾಯಿಗೆ ಹೋದದ್ದು, ಕಂಡವರ ಕೈ ಸೇರಿ ಬಂದದ್ದು, ಈಗ ಎರಡು ಇರುವುದು, ಎಲ್ಲ ಹೇಳಿದೆ. ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡೆ.

"ಆಯಮ್ಮನ ಹೆಸರೇನು?" ಅಂದರು.

"ಕೇಳ್ಲಿಲ್ಲ ಅತ್ತೆ."

"ಚೆನ್ನಾಗಿದೆ. ಹೆಸರಿಲ್ದೆ ನಾನು ಯಾರ ಹೆಸರಲ್ಲಿ ದೀಪ ಹಚ್ಲಿ? ಹೋಗಿ ಕೇಳ್ಕೊಂಡ್ ಬಾ."

ಮತ್ತೆ ಓಡಿದೆ. ಆತ ತನ್ನ ಗಾಡಿಯ ಹಿಂದೆ ಚೀಲ ಇರಿಸುತ್ತಿದ್ದ. ಶೆರಿಲ್ ಅಂದ.

"ಶೆರಿಲಮ್ಮ" ಎಂದು ಅತ್ತೆ ಎರಡು ಸಲ ಹೇಳಿ ರೂಢಿ ಮಾಡಿಕೊಂಡರು. ಆಮೇಲೆ ಏನೂ ವಿಶೇಷವಿಲ್ಲವೆಂಬಂತೆ, "ಎರಡನ್ನೂ ಒಂದೇ ಗಂಟಲ್ಲಿ ಕಟ್ಟು. ಗುರುವಾರ ಹತ್ರ ಇದೆ, ಆಯಮ್ಮಂದು ಮೊದ್ಲು. ಮೇಘನಂದು ಆಮೇಲೆ ಕೇಳ್ಕೋಣ, ಅವಳಿಗಿನ್ನೂ ಟೈಮಿದೆ" ಅಂದು ಫೋನಿಟ್ಟರು.

ನನ್ನ ಮಗಳ ಮುಡಿಪಿನಲ್ಲಿ ನನ್ನ ಮಗಳೇ ಎರಡನೆಯವಳೇ? ಸರದಿಯಲ್ಲಿ ನಿಲ್ಲುವುದನ್ನು ಈ ದೇಶ ಕಲಿಸಿದೆ ಅಂದುಕೊಂಡಿದ್ದೆ. ಇಲ್ಲಿಗೆ ಒಮ್ಮೆಯೂ ಬಾರದ ಅತ್ತೆ ನನಗಿಂತ ಚೆನ್ನಾಗಿ ಕಲಿತಿದ್ದರು.

ನಿನ್ನೆ ಗುರುವಾರ. ಬೆಳಿಗ್ಗೆ ದೀಪ ಹಚ್ಚಿ ಕೈಮುಗಿದೆ. ಮುಖವನ್ನೇ ನೋಡಿರದ ಹೆಂಗಸೊಬ್ಬಳ ಹೆಸರನ್ನು ಮೊದಲು ಹೇಳಿದೆ. ಮಗಳ ಹೆಸರು ನಾಲಿಗೆಯ ತುದಿಯಲ್ಲಿ ತಾಳ್ಮೆಯಿಂದ ಕಾದಿತ್ತು.