ಕರುವಿನ ಅತ್ತರು

ಯುದ್ಧದ ಆ ದಿನಗಳಲ್ಲಿ ಸೀಮೆಎಣ್ಣೆಗೆ ಬರ, ಸಕ್ಕರೆಗೆ ಬರ; ವಾಸನೆಗೆ ಮಾತ್ರ ಬರವಿರಲಿಲ್ಲ. ಮಾಲೂರು ಸೀಮೆಯ ನಮ್ಮೂರಿನಲ್ಲಿ ಕಣ್ಣು ಮುಚ್ಚಿಕೊಂಡು ನಡೆದರೂ ಯಾರ ಮನೆ ಮುಂದೆ ಇದ್ದೇನೆಂದು ಹೇಳಿಬಿಡುತ್ತಿದ್ದೆ. ಹುರುಳಿ ಬೇಯುವ ಮನೆ, ಕಂಬಳಿ ಒಣಗುವ ಮನೆ, ರೇಷ್ಮೆಹುಳು ಸಾಕಿದ ಮನೆ. ಅಜ್ಜಿ ನನ್ನನ್ನು ನಾಯಿಮೂಗಿನವಳು ಎಂದು ಆಡಿಕೊಳ್ಳುತ್ತಿದ್ದಳು. ನನಗದು ಬಿರುದು.

ನನಗೆ ಒಂಬತ್ತು ವರ್ಷ. ತಮ್ಮ ಹುಟ್ಟಿದ ಮೂರನೇ ತಿಂಗಳಿಗೆ ಅಮ್ಮನಿಗೆ ಜ್ವರ ಬಂದು ಎದೆಹಾಲು ಬತ್ತಿತು. ಆಡಿನ ಹಾಲು ಕುಡಿಸಿದರೆ ಮಗು ಕಕ್ಕುತ್ತಿತ್ತು. ನಮ್ಮ ಹಸು ಕೆಂಪಿಯ ಹಾಲೊಂದೇ ಅದಕ್ಕೆ ಒಗ್ಗಿದ್ದು. ಅಷ್ಟರಲ್ಲಿ ಕೆಂಪಿಯ ತಿಂಗಳ ಕರು ಸತ್ತುಹೋಯಿತು. ಕರು ಕಾಣದೆ ಕೆಂಪಿ ಹಾಲು ಇಳಿಸಲಿಲ್ಲ. ಆಗಿನ ಪದ್ಧತಿಯಂತೆ ಕರುವಿನ ತೊಗಲಿಗೆ ಹುಲ್ಲು ತುಂಬಿ ಮುಂದೆ ನಿಲ್ಲಿಸಿದರು. ಕೆಂಪಿ ಒಮ್ಮೆ ಮೂಸಿ ಮುಖ ತಿರುಗಿಸಿತು. ಆ ತೊಗಲಿನಲ್ಲಿ ಉಪ್ಪಿನ ವಾಸನೆಯಿತ್ತು, ಸುಣ್ಣದ ವಾಸನೆಯಿತ್ತು, ಕರುವಿನದು ಇರಲಿಲ್ಲ. ಬರೀ ಗಂಜಿತಿಳಿ ಕುಡಿಯುತ್ತಿದ್ದ ತಮ್ಮನ ಅಳು ದಿನದಿನಕ್ಕೆ ಸಣ್ಣದಾಗುತ್ತಿತ್ತು.

ಪಕ್ಕದ ಬೀದಿಯಲ್ಲಿ ಅತ್ತರು ಮಾಡಿ ಮಾರುವ ಕರೀಂ ಸಾಬರಿದ್ದರು. ಮಕ್ಕಳೆಲ್ಲ ಅವರನ್ನು ತಾತ ಎನ್ನುತ್ತಿದ್ದೆವು. ಅವರ ಮುಂದೆ ಹೋಗಿ ನಿಂತು, "ತಾತ, ಕರು ವಾಸನೆ ಮಾಡ್ಕೊಡ್ತೀರಾ?" ಎಂದೆ.

"ಏನ್ ಬೇಟಿ, ಆ ವಾಸನೆ ಹೋಗ್ಲಿ ಅಂತ ತಾನೇ ಜನ ನನ್ನ ಹತ್ರ ಬರೋದು!" ಎಂದು ನಕ್ಕರು. ತಮ್ಮನ ವಿಷಯ ಹೇಳಿದೆ. ನಗು ನಿಂತಿತು.

ಕರು ಕಟ್ಟಿದ್ದ ಹಗ್ಗ, ಅದು ಮಲಗಿದ್ದ ಗೋಣಿ ತರಿಸಿ ಬೆಚ್ಚನೆಯ ಎಳ್ಳೆಣ್ಣೆಯಲ್ಲಿ ನೆನೆಹಾಕಿದರು. ಮಾರನೆಯ ದಿನ ಆ ಎಣ್ಣೆಯಲ್ಲಿ ಹತ್ತಿ ಅದ್ದಿ ನನ್ನ ಮೂಗಿಗೆ ಹಿಡಿದರು.

"ಇದು ದೇವರಮನೆ ವಾಸನೆ ತಾತ."

"ಅಯ್ಯೋ, ಕೈ ತಾನಾಗೇ ಗಂಧದೆಣ್ಣೆ ಬುಡ್ಡಿಗೆ ಹೋಗ್ಬಿಡ್ತು!"

ಗಂಧ ಬಿಟ್ಟು ಮತ್ತೆ ಮಾಡಿದರು. ಹುಳಿಹಾಲು ಸೇರಿಸಿದರು, ಒಂದು ಹನಿ ಗಂಜಲ ಬಿಟ್ಟರು. ಹತ್ತಿರ ಬಂತು, ಆದರೂ ಏನೋ ಒಂದು ಇಲ್ಲ. ಕರುವಿನ ಕುತ್ತಿಗೆಗೆ ಮುಖವಿಟ್ಟು ಮಲಗುತ್ತಿದ್ದುದನ್ನು ನೆನೆಸಿಕೊಂಡೆ. ಕೆನ್ನೆಗೆ ತಾಗುತ್ತಿದ್ದ ತೇವ ನೆನಪಾಯಿತು.

"ಅದು ಯಾವಾಗ್ಲೂ ಒದ್ದೆ ಇರ್ತಿತ್ತು ತಾತ. ಕೆಂಪಿ ನೆಕ್ಕಿ ನೆಕ್ಕಿ."

ಸಾಬರು ಎದ್ದವರೇ ನಮ್ಮ ಕೊಟ್ಟಿಗೆಗೆ ಬಂದರು. ಕೆಂಪಿಯ ಬಾಯಿಯ ಜೊಲ್ಲನ್ನು ಬಟ್ಟೆಯಲ್ಲಿ ಒರೆಸಿ, ಆ ಎಣ್ಣೆಯೊಂದಿಗೆ ಹುಲ್ಲುಗರುವಿನ ಕುತ್ತಿಗೆಗೆ ತಿಕ್ಕಿದರು. "ನೋಡು ಬೇಟಿ" ಎಂದರು. ಬಗ್ಗಿ ಮೂಸಿದೆ. ಕರು ಅಲ್ಲೇ ಇತ್ತು. ನನಗೆ ಅಳು ತಡೆಯಲಾಗಲಿಲ್ಲ.

ಕೆಂಪಿ ಮೂಸಿತು. ಇನ್ನೊಮ್ಮೆ ಮೂಸಿತು. ಆಮೇಲೆ ಗಂಟಲಲ್ಲೇ ಸಣ್ಣಗೆ ದನಿ ಮಾಡಿ ನೆಕ್ಕತೊಡಗಿತು. ಚೊಂಬಿನಲ್ಲಿ ಹಾಲಿನ ಸದ್ದು. ಶ್ರೀನಿವಾಸಪುರದ ಕಡೆಯ ನಮ್ಮಜ್ಜಿಗೆ ಸಂತೋಷದಲ್ಲಿ ತವರಿನ ತೆಲುಗೇ ಬಾಯಿಗೆ ಬಂತು. "ವಚ್ಚಿಂದಿ, ವಚ್ಚಿಂದಿ! ಹಾಲು ಬಂತು ಕಣೇ!"

ಸಾಬರು ಮಾತ್ರ ಕೆಂಪಿಯ ಕಣ್ಣನ್ನೇ ನೋಡುತ್ತ ನಿಂತಿದ್ದರು. "ಮಗೂಗೋಸ್ಕರ ಈ ಮೂಕಪ್ರಾಣಿಗೆ ಮೋಸ ಮಾಡ್ದೆ. ಇನ್ಯಾರಿಗೂ ಮಾಡ್ಕೊಡಲ್ಲ" ಎಂದರು. ಹಾಗೇ ನಡೆದುಕೊಂಡರು. ನನ್ನ ತಮ್ಮ ಅನ್ನ ತಿನ್ನುವವರೆಗೂ ಆಗಾಗ ಬಂದು ಎಣ್ಣೆ ತಿಕ್ಕಿ ಹೋಗುತ್ತಿದ್ದರು. ಕಡೆಗೆ ಉಳಿದದ್ದನ್ನು ಮಣ್ಣಿಗೆ ಚೆಲ್ಲಿದರು.

ಆ ತಮ್ಮನಿಗೆ ಈಗ ಮೊಮ್ಮಕ್ಕಳು. ಅಂಗಡಿಯ ಗುಲಾಬಿ ಸೋಪಿನಲ್ಲಿ ಗುಲಾಬಿಯಿಲ್ಲ ಎಂದು ನನ್ನ ಮುದಿಮೂಗು ಈಗಲೂ ಹೇಳುತ್ತದೆ. ಅದಕ್ಕೆ ನನಗೆ ಬೇಸರವಿಲ್ಲ. ಒಂದೊಂದು ಮಧ್ಯಾಹ್ನ ಸುಮ್ಮನೆ ಕೂತಾಗ ಕರುವಿನ ವಾಸನೆ ಬರುತ್ತದೆ, ಬೆಚ್ಚಗೆ, ಒದ್ದೆಯಾಗಿ. ಅದು ನನ್ನ ಪಕ್ಕ ಮಲಗುತ್ತಿದ್ದ ಕರುವಿನದೋ, ಸಾಬರು ಮಾಡಿದ್ದೋ, ಎಷ್ಟು ಯೋಚಿಸಿದರೂ ಗೊತ್ತಾಗುವುದಿಲ್ಲ. ಆ ಕರುವನ್ನು ಚೆನ್ನಾಗಿ ಬಲ್ಲವರು ಕೆಂಪಿ ಮತ್ತು ನಾನು, ಇಬ್ಬರೇ. ಕೆಂಪಿಗೆ ಮೋಸ ಮಾಡಲು ಹೋಗಿ ನಾನೂ ಅದನ್ನು ಕಳೆದುಕೊಂಡೆ.